ಎರಡನೆಯ ಭರಮಪ್ಪ

ನಮ್ಮವ್ವ ದುರುಗವ್ವನಿಗೆ ಭರಮಪ್ಪ ಅನ್ನುವ ಹೆಸರಿನ ಮೂವರು ಗಂಡುಮಕ್ಕಳು. ಮೊದಲನೆಯವನನ್ನು ಅವಳೇ ಹೆತ್ತಳು. ಎರಡನೆಯವನನ್ನು ಊರ ಸಭೆಯವರು ತಂದುಕೊಟ್ಟರು. ಮೂರನೆಯವನನ್ನು ಆ ಎರಡನೆಯವನೇ ಕರೆದುಕೊಂಡು ಬಂದ. ನಾನು ಮೂವರಿಗೂ ತಂಗಿ. ಈಗ ಹೇಳಹೊರಟಿರುವುದು ಎರಡನೆಯವನ ವಿಷಯ, ಯಾಕೆಂದರೆ ಮೊದಲನೆಯವನನ್ನು ನೆನೆದು ಅಳುವುದಕ್ಕೆ ಅವ್ವ ಇದ್ದಳು, ಮೂರನೆಯವನನ್ನು ಹೊತ್ತು ಮೆರೆಸುವುದಕ್ಕೆ ಊರಿದೆ. ನಡುವಿನವನಿಗೆ ಯಾರೂ ಇಲ್ಲ.

ನಮ್ಮದು ಕಲ್ಲುಗಣಿಯ ಊರು. ಮುತ್ತಾತಂದಿರ ಕಾಲದಲ್ಲಿ ಕಡಿದು ಕಡಿದು ಬರಿದಾದ ಹಳೆಯ ಗಣಿಯೊಂದು ಊರ ನಡುವೆ ದೊಡ್ಡ ಬಾಣಲೆಯ ಹಾಗೆ ಬಿದ್ದುಕೊಂಡಿದೆ. ಅದರ ತಳ ಸಪಾಟಾಗಿದೆ, ಸುತ್ತ ಕಲ್ಲು ತೆಗೆದ ಮೆಟ್ಟಿಲುಗಳಿವೆ. ಫುಟ್ಬಾಲ್ ಆಡುವುದು ಅಲ್ಲೇ. ಊರೆಲ್ಲ ಮೆಟ್ಟಿಲ ಮೇಲೆ ಕೂತು ಕೂಗಿದರೆ ಆ ಕೂಗು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತದೆ. ಹೊಸ ಗಣಿಗಳ ಪುಡಿ ಮನೆ, ಮರ, ಎಮ್ಮೆ, ಮನುಷ್ಯರು ಎಲ್ಲರ ಮೇಲೂ ಬಿದ್ದು ಸಂಜೆಯಾಗುವ ಹೊತ್ತಿಗೆ ಊರಿಗೆ ಊರೇ ಬೂದಿ ಬಳಿದುಕೊಂಡಂತೆ ಕಾಣುತ್ತದೆ.

ಹೊರಗಿನಿಂದ ಬಂದವರು ನಮ್ಮಲ್ಲಿ ಎಷ್ಟು ವರ್ಷ ಇದ್ದರೂ ಹೊರಗಿನವರೇ. ಊರಿನವರಾಗಬೇಕಾದರೆ ಸತ್ತವರೊಬ್ಬರ ಜಾಗದಲ್ಲಿ ಕೂರಬೇಕು. ಪ್ರತಿ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಊಟದ ಮಣೆ ಇರುತ್ತದೆ. ಯಾರಾದರೂ ತೀರಿಕೊಂಡರೆ ಅವರ ಮಣೆಯನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ಮನೆಯವರು ಒಪ್ಪಿ ಆ ಮಣೆಯನ್ನು ಮತ್ತೆ ನೆಲಕ್ಕೆ ಹಾಕಿದರೆ, ಹೊರಗಿನವನು ಅದರ ಮೇಲೆ ಕೂತು ಉಂಡರೆ, ಆಮೇಲೆ ಅವನೇ ಆ ಸತ್ತವನು. ಸತ್ತವನ ಹೆಸರು ಇವನ ಹೆಸರು, ಸತ್ತವನ ತಾಯಿ ಇವನ ತಾಯಿ. ಸತ್ತವನು ಯಾರ ಜೊತೆ ಮಾತು ಬಿಟ್ಟಿದ್ದನೋ ಅವರ ಜೊತೆ ಇವನೂ ಮಾತಾಡುವಂತಿಲ್ಲ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಹಾಗೆ ಕೂತವರೇ. ಅವರು ಯಾರ ಜಾಗಕ್ಕೆ ಬಂದರೋ ಆತ ಕ್ಷೌರದ ಅಂಗಡಿಯವನ ಜೊತೆ ಜಗಳವಾಡಿಕೊಂಡು ಸತ್ತಿದ್ದ. ಪಾಪ, ಮೇಷ್ಟ್ರು ಕೊನೆಯವರೆಗೂ ಗಡ್ಡ ಬಿಟ್ಟುಕೊಂಡೇ ಪಾಠ ಮಾಡಿದರು. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ.

ನನ್ನ ಒಡಹುಟ್ಟಿದ ಭರಮ ಕಲ್ಲುಪುಡಿ ಎದೆಗೆ ಹತ್ತಿ, ಕೆಮ್ಮಿ ಕೆಮ್ಮಿ, ಮೀಸೆ ಸರಿಯಾಗಿ ಮೂಡುವ ಮೊದಲೇ ಹೋದ. ಅವನು ಮೆದು ಮನುಷ್ಯ. ಮಾತಾಡಲು ಹೋದರೆ ತೊದಲುತ್ತಿದ್ದ. ಅದಕ್ಕೇ ಅಂಗಡಿಗೆ ಕೂಡ ನನ್ನನ್ನೇ ಕಳಿಸುತ್ತಿದ್ದ. ಜೀವಮಾನದಲ್ಲಿ ಒಂದು ಸಲವೂ ಚೆಂಡು ಒದ್ದವನಲ್ಲ. ಅಪ್ಪ ಮೊದಲೇ ಇರಲಿಲ್ಲ. ಭರಮ ಹೋದ ಮೇಲೆ ಅವ್ವ ಗೋಡೆಗೆ ನಿಲ್ಲಿಸಿದ ಮಣೆಯ ಎದುರಿಗೇ ಕೂತು ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಅಂದರೆ ತುತ್ತು ಕಲಸಿ ಕಲಸಿ ಎಮ್ಮೆಗೆ ಹಾಕುತ್ತಿದ್ದಳು.

ಅದೇ ವರ್ಷ ಊರ ಸಭೆಯ ಹಿರಿಯ ಬೋರಯ್ಯ ಬಂದರಿನಲ್ಲಿ ಒಬ್ಬ ಆಟಗಾರನನ್ನು ನೋಡಿ ಬಂದಿದ್ದರು. ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದವನು, ಹೆಸರು ಕೊಬಿನ. ಬಂದರಿನ ಟೀಮಿನವರು ಎರಡು ವರ್ಷ ಆಡಿಸಿ, ಇನ್ನು ನೀನು ಬೇಡ ಎಂದು ಕೈಬಿಟ್ಟಿದ್ದರು. ಹೊಳೆಯಾಚೆಯ ಊರಿನವರ ಎದುರು ನಾವು ಗೆದ್ದು ಒಂದು ತಲೆಮಾರೇ ಆಗಿತ್ತು. ವರ್ಷಕ್ಕೊಮ್ಮೆ ಅವರ ಜೊತೆ ನಡೆಯುವ ಟೂರ್ನಮೆಂಟಿನಲ್ಲಿ ಊರಿನವರೇ ಆಡಬೇಕು ಅನ್ನುವುದು ನಿಯಮ. ಹಾಗಾಗಿ ಬೋರಯ್ಯ ನಮ್ಮ ಮನೆಗೆ ಬಂದರು.

"ದುರುಗವ್ವಾ, ಹುಡುಗ ಒಳ್ಳೆಯವನು. ಕುಡಿಯೋದಿಲ್ಲ. ನಿನ್ನ ಮನೇಲಿ ಮಣೆ ಖಾಲಿ ಇದೆ," ಎಂದರು.

ನನಗೆ ಆಗ ಹದಿನೈದೋ ಹದಿನಾರೋ. "ಅವ್ವಾ, ಬೇಡ. ಯಾರನ್ನೋ ತಂದು ಅಣ್ಣ ಅನ್ನು ಅಂದ್ರೆ ನಾನು ಅನ್ನಲ್ಲ," ಎಂದು ಕೂಗಾಡಿದೆ. ಅವ್ವ ಕೇಳಿಸಿಕೊಳ್ಳಲೇ ಇಲ್ಲ. ಎದ್ದು ಹೋಗಿ ಮಣೆಯನ್ನು ಹಿತ್ತಲಿಗೆ ಒಯ್ದು ಬೂದಿ ಹಾಕಿ ತಿಕ್ಕತೊಡಗಿದಳು. ಅಷ್ಟು ದಿನ ಮಂಕಾಗಿದ್ದವಳ ರಟ್ಟೆಯಲ್ಲಿ ಅಂಥ ಬಲ ಎಲ್ಲಿತ್ತೋ.

ಅವನು ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿಕೊಂಡು ಒಳಗೆ ಬಂದು ಮಣೆಯ ಮೇಲೆ ಕಾಲು ಮಡಚಿ ಕೂರಲು ಒದ್ದಾಡಿದ. ಅವ್ವ ಭರಮನಿಗೆ ಇಷ್ಟವಾಗಿದ್ದ ಹಾಗಲಕಾಯಿ ಗೊಜ್ಜು ಮಾಡಿದ್ದಳು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು ಬಂತು. ಆದರೂ ಬಿಡದೆ ತಿಂದ. ಅವ್ವ ಸೌಟು ಹಿಡಿದುಕೊಂಡು ಬಗ್ಗಿ, "ಇನ್ನೊಂಚೂರು ಹಾಕ್ಲೇನೋ, ಭರಮಾ?" ಎಂದಳು. ಅವನಿಗೆ ನಮ್ಮ ಮಾತು ಒಂದೂ ಬರುತ್ತಿರಲಿಲ್ಲ. ತಲೆಯಾಡಿಸಿದ. ಅಂದಿನಿಂದ ಅವನು ಮನೆಯಲ್ಲಿದ್ದಷ್ಟು ಕಾಲವೂ ಹಾಗಲಕಾಯಿ ಕಂಡ ದಿನವೆಲ್ಲ ಅವನಿಗೆ ಗೊಜ್ಜು. ಬೇಡ ಅನ್ನಲು ಬೇಕಾದ ಮಾತು ಕಲಿತ ಮೇಲೂ ಅವನು ಬೇಡ ಅನ್ನಲಿಲ್ಲ.

ಅವನಿಗೆ ಮಾತು ಕಲಿಸಿದವಳು ನಾನೇ. ಕಲಿಸಬೇಕೆಂದು ಕಲಿಸಿದ್ದಲ್ಲ, ತಪ್ಪು ಹೇಳಿದಾಗ ನಗಬೇಕೆಂದು ಹತ್ತಿರ ಕೂರುತ್ತಿದ್ದೆ. ಅವನ ನಾಲಿಗೆಗೆ ಲಕಾರವೂ ಳಕಾರವೂ ಒಂದೇ. ಬೆಳಗ್ಗೆ ಎದ್ದು, "ಅವ್ವಾ, ಹಾಳು ಕೊಡು," ಎನ್ನುತ್ತಿದ್ದ. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವ್ವ ನನಗೆ ಬೈದು ಅವನಿಗೆ ಹಾಲು ಕೊಡುತ್ತಿದ್ದಳು. ಹೀಗೆ ನಗುತ್ತಾ ನಗುತ್ತಾ ಒಂದು ದಿನ ನಾನೇ, "ಅಣ್ಣಾ, ಚಪ್ಪಲಿ ಒಳಗೆ ತರಬೇಡ," ಅಂದುಬಿಟ್ಟೆ. ಅಂದ ಮೇಲೆ ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತ.

ಆಟದ ವಿಷಯ ಏನು ಹೇಳಲಿ. ನಮ್ಮ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರು. ಅವನು ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೊದಲೇ ಹೋಗಿ, ಯಾರನ್ನೋ ಕಾಯುವವನ ಹಾಗೆ ನಿಂತಿರುತ್ತಿದ್ದ. ಹೊಳೆಯಾಚೆಯವರ ಡಿಫೆಂಡರುಗಳು ಅವನ ಪಕ್ಕದಲ್ಲೇ ಇರುತ್ತಿದ್ದರು. ಅವನು ಭುಜ ಒಂದಿಷ್ಟು ತಿರುಗಿಸುತ್ತಿದ್ದ, ಅವರು ಅತ್ತ ಹೋಗುತ್ತಿದ್ದರು, ಚೆಂಡು ಇತ್ತ ಬಲೆಯಲ್ಲಿರುತ್ತಿತ್ತು. ಆ ಮೊದಲ ಟೂರ್ನಮೆಂಟಿನಲ್ಲೇ ನಾವು ಗೆದ್ದೆವು. ಗಣಿಯ ಮೆಟ್ಟಿಲುಗಳ ಮೇಲೆ ಊರಿಗೆ ಊರೇ ಎದ್ದು ನಿಂತು, "ಭರಮಾ! ಭರಮಾ!" ಎಂದು ಕೂಗಿತು. ಒಡಹುಟ್ಟಿದವನು ಬದುಕಿದ್ದಾಗ ಆ ಹೆಸರನ್ನು ತೊದಲಿಸಿ ಅಣಕಿಸುತ್ತಿದ್ದವರೇ ಗಂಟಲು ಹರಿಯುವಂತೆ ಕೂಗಿದರು. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. "ಕೇಳಿಸ್ತಾ ರತ್ನಿ? ನನ್ನ ಮಗನ ಹೆಸರು ಹೇಗೆ ಕೂಗ್ತಾರೆ ನೋಡು," ಎಂದಳು. ಅವಳ ಕಣ್ಣು ಮೈದಾನದಲ್ಲಿ ಇರಲಿಲ್ಲ. ಮುಚ್ಚಿಕೊಂಡಿತ್ತು.

ಏಳೆಂಟು ವರ್ಷ ಅವನು ಹಾಗೆ ಆಡಿದ. ನನ್ನ ಮದುವೆಯಲ್ಲಿ ಅಣ್ಣನಾದವನು ಮಾಡಬೇಕಾದ್ದೆಲ್ಲ ಮಾಡಿದ. ನಾನು ಕೆಳಗಿನ ಓಣಿಗೆ ಸೊಸೆಯಾಗಿ ಹೋದ ಮೇಲೆ ಗೌರಿ ಹಬ್ಬಕ್ಕೆ ಮೊರದ ಬಾಗಿನ ತಂದುಕೊಟ್ಟು, ಊಟ ಮಾಡಿ, ನನ್ನ ಗಂಡನ ಜೊತೆ ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದ. ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ. ಯಾರ ಮನೆಯ ಜಗಳವಾದರೂ ಅವನನ್ನು ಕರೆಯುತ್ತಿದ್ದರು. "ಏ ಭರಮಾ, ಬಾರೋ ಇಲ್ಲಿ, ನೀನಾದ್ರೂ ಹೇಳು," ಎನ್ನುತ್ತಿದ್ದರು. ಸಮುದ್ರದಾಚೆಯ ತನ್ನ ಊರಿಗೆ ಒಮ್ಮೆ ಹೋಗಿ ಬರುತ್ತೇನೆ ಎಂದು ಪ್ರತಿ ಟೂರ್ನಮೆಂಟು ಮುಗಿದಾಗಲೂ ಹೇಳುತ್ತಿದ್ದ. ಹೊರಡುವ ಹೊತ್ತಿಗೆ ಸರಿಯಾಗಿ ಅವ್ವನಿಗೆ ಎದೆನೋವು ಬರುತ್ತಿತ್ತು. ಅದು ಸುಳ್ಳು ನೋವಲ್ಲ. ಅವಳು ನಿಜವಾಗಿಯೂ ಬೆವರುತ್ತಿದ್ದಳು, ತುಟಿ ಬಿಳಿಚಿಕೊಳ್ಳುತ್ತಿತ್ತು. ಅವನು ಚೀಲ ಕೆಳಗಿಟ್ಟು ಅವಳ ಅಂಗಾಲು ತಿಕ್ಕುತ್ತಾ ಕೂರುತ್ತಿದ್ದ.

ಒಂದು ದಿನ ಬಂದರಿನಿಂದ ಕಲ್ಲು ತುಂಬಲು ಬಂದ ಲಾರಿಯ ಡ್ರೈವರ್ ಅವನನ್ನು ಹುಡುಕಿಕೊಂಡು ಬಂದ. ಹಡಗಿನ ಜನ ಹೇಳಿ ಕಳಿಸಿದ ಸುದ್ದಿ. ಅವನನ್ನು ಹೆತ್ತವಳು ಹೋಗಿಬಿಟ್ಟಿದ್ದಳು, ಹೋಗಿ ಎಷ್ಟೋ ತಿಂಗಳಾಗಿತ್ತು. ನಾನು ಅಂದು ತವರಿನಲ್ಲೇ ಇದ್ದೆ. ಅವನು ಹಿತ್ತಲ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಆಮೇಲೆ ಒಳಗೆ ಬಂದು ನಮ್ಮ ಅಪ್ಪನ ಹಳೆಯ ರೇಜರನ್ನು ತೆಗೆದ. ಅವರ ಕಡೆಯೂ ತಾಯಿ ಸತ್ತರೆ ತಲೆ ಬೋಳಿಸುತ್ತಾರಂತೆ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವನೆದುರು ನಿಂತಳು. "ಏನ್ ಮಾಡ್ತಿದ್ದೀಯ?"

"ಅವ್ವಾ, ನನ್ನ ಅಮ್ಮ ತೀರ್ಕೊಂಡಳಂತೆ."

"ನಿನ್ನ ಅವ್ವ ನಾನು. ನಾನು ಉಸಿರಾಡ್ತಾ ನಿಂತಿದ್ದೀನಿ. ನನ್ನ ಮುಂದೆ ತಲೆ ಬೋಳಿಸ್ಕೊಳ್ತೀಯಾ ಭರಮಾ? ನಾನು ಸತ್ತೆ ಅಂತ ಊರಿಗೆಲ್ಲ ಸಾರ್ತೀಯಾ?"

ಅವ್ವ ಕೈ ಚಾಚಿದಳು. ಅವನು ರೇಜರನ್ನು ಅವಳ ಕೈಗಿಟ್ಟ. ನಾನು ಹಿತ್ತಲಿಗೆ ಅವನ ಹಿಂದೆಯೇ ಹೋದೆ. "ಅಣ್ಣಾ, ಅವಳ ಹೆಸರೇನು?" ಎಂದು ಕೇಳಿದೆ. ಅವನು ಹೇಳಿದ. ನನಗೆ ಸರಿಯಾಗಿ ಉಚ್ಚರಿಸಲು ಬರಲಿಲ್ಲ. ಇನ್ನೊಂದು ಸಲ ಹೇಳಿದ. ಆಗಲೂ ಬರಲಿಲ್ಲ. "ಬಿಡು," ಎಂದ. ಆ ವಾರದ ಆಟದಲ್ಲಿ ಅವನು ಮೂರು ಗೋಲು ಹೊಡೆದ. ಮೊದಲೆಲ್ಲ ಗೋಲು ಹೊಡೆದರೆ ಎರಡೂ ಕೈ ಮೇಲೆತ್ತಿ ಮೆಟ್ಟಿಲುಗಳ ಕಡೆ ಓಡಿ ಬರುತ್ತಿದ್ದ. ಅಂದು ಮೂರು ಸಲವೂ ತಲೆ ತಗ್ಗಿಸಿ ನಡೆದುಕೊಂಡು ಹೋಗಿ ನಡುಗೆರೆಯ ಹತ್ತಿರ ನಿಂತ. ಮುಂದೆ ಎಂದೂ ಅವನು ಕೈಯೆತ್ತಿದ್ದು ನಾನು ಕಾಣೆ.

ಆಮೇಲಿನ ವರ್ಷ ಹೊಳೆಯಾಚೆಯವರ ಗೋಲ್‌ಕೀಪರ್ ಮೈಮೇಲೆ ಬಿದ್ದು ಅವನ ಮೊಣಕಾಲು ಮುರಿಯಿತು. ಮೂಳೆ ಕಟ್ಟುವವರು ಬಂದರು, ಪೇಟೆಯ ಡಾಕ್ಟರು ನೋಡಿದರು. ನಡೆಯಲು ಬಂತು, ಓಡಲು ಬರಲಿಲ್ಲ. ಊರ ಸಭೆಯವರು ಅವನನ್ನು ಕೋಚ್ ಮಾಡಿದರು. ಸೀಟಿ ಕೊರಳಿಗೆ ಹಾಕಿಕೊಂಡು, ಒಂದು ಕಾಲು ಎಳೆಯುತ್ತಾ ಗೆರೆಯ ಉದ್ದಕ್ಕೂ ನಡೆಯುತ್ತಿದ್ದ. ಒಳ್ಳೆಯ ಕೋಚೇ. ಆದರೆ ತಾನು ಯೋಚಿಸದೆ ಮಾಡುತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಅವನಿಗೆ ಆಗುತ್ತಿರಲಿಲ್ಲ. "ಚೆಂಡು ಬರೋ ಜಾಗಕ್ಕೆ ಮೊದಲೇ ಹೋಗಿ ನಿಲ್ಲೋ," ಎನ್ನುತ್ತಿದ್ದ. "ಎಲ್ಲಿಗೆ ಬರುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಹುಡುಗರು ಕೇಳುತ್ತಿದ್ದರು. ಅವನು ಸೀಟಿ ಊದುತ್ತಿದ್ದ.

ನಾವು ಸೋಲತೊಡಗಿದೆವು. ಸೋತರೆ ಯಾರೂ ಕೋಚಿನ ಹೆಸರನ್ನು ಕೂಗುವುದಿಲ್ಲ. ಅವ್ವ ಮೊದಮೊದಲು ಮೈದಾನಕ್ಕೆ ಬರುತ್ತಿದ್ದಳು. ನಾಲ್ಕಾರು ಆಟ ನೋಡಿ ಬಿಟ್ಟುಬಿಟ್ಟಳು. ಮನೆಯಲ್ಲಿ ಮತ್ತೆ ಮಂಕಾದಳು, ಮತ್ತೆ ತುತ್ತು ಕಲಸಿ ಕಲಸಿ ಎಮ್ಮೆಗೆ ಹಾಕತೊಡಗಿದಳು. ಅವನು ಎದುರಿಗೇ ಮಣೆಯ ಮೇಲೆ ಕೂತು ಉಣ್ಣುತ್ತಿದ್ದ, ಅವಳ ಕಣ್ಣು ಅವನ ಮೇಲಿರುತ್ತಿರಲಿಲ್ಲ. "ಈಗ ಅವನನ್ನ ಯಾರೂ ಕೂಗೋದೇ ಇಲ್ಲ ಅಲ್ವೇನೇ?" ಎಂದು ಒಮ್ಮೆ ನನ್ನನ್ನು ಕೇಳಿದಳು. "ಇಲ್ಲೇ ಇದ್ದಾನಲ್ಲ ಅವ್ವಾ, ನೀನೇ ಕೂಗು," ಎಂದೆ. ಅವಳು ಕೂಗಲಿಲ್ಲ.

ಆಗ ಬೋರಯ್ಯ ಅವನನ್ನು ಬಂದರಿಗೆ ಕಳಿಸಿದರು. ಒಬ್ಬ ಸ್ಟ್ರೈಕರನ್ನು ಆರಿಸಿ ಕರೆದುಕೊಂಡು ಬಾ ಎಂದರು. ಅವನು ಕ್ವಾಸಿ ಎನ್ನುವವನನ್ನು ಕರೆತಂದ. ಎತ್ತರಕ್ಕೆ, ತೆಳ್ಳಗೆ, ಕುದುರೆಯಂಥ ಕಾಲಿನ ಹುಡುಗ. ಅವನು ಅಣ್ಣನ ಕಡೆಯವನೇ, ಅದೇ ಸಮುದ್ರತೀರದವನು, ಅದೇ ಮಾತಿನವನು. ಆಟ ನೋಡಿ ಆರಿಸಿದನೋ ಮಾತು ಕೇಳಿ ಆರಿಸಿದನೋ ನಾನು ಕೇಳಲಿಲ್ಲ. ಸಂಜೆ ಮೈದಾನದ ಹತ್ತಿರ ಹಾದುಹೋಗುವಾಗ ಇಬ್ಬರೂ ಗೆರೆಯಾಚೆ ಕೂತು ಮಾತಾಡುವುದು ಕೇಳಿಸುತ್ತಿತ್ತು. ಅಣ್ಣ ನಗುತ್ತಿದ್ದ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಅವನು ನಕ್ಕಿರಲಿಲ್ಲವೆಂದಲ್ಲ. ಆದರೆ ಅವನಿಗೆ ಇಂಥ ಒಂದು ನಗು ಇದೆ, ಹೊಟ್ಟೆಯಿಂದ ಎದ್ದು ಬರುವ ನಗು, ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಗೋಡೆಯ ಮರೆಯಲ್ಲಿ ನಿಂತು ಕೇಳಿ ಮನೆಗೆ ಹೋಗುತ್ತಿದ್ದೆ.

ಕ್ವಾಸಿ ಆಡಬೇಕಾದರೆ ಅವನಿಗೊಂದು ಮಣೆ ಬೇಕಾಯಿತು. ಆ ವರ್ಷ ಊರಲ್ಲಿ ಸತ್ತವರಲ್ಲಿ ಪ್ರಾಯದ ಗಂಡಸು ಒಬ್ಬನೇ. ಚೌಡಪ್ಪ ಎನ್ನುವವರ ಮಗ, ಬಂಡೆ ಉರುಳಿ ಹೋದವನು. ಬೋರಯ್ಯ ಚೌಡಪ್ಪನವರ ಮನೆಗೆ ಹೋದಾಗ ಅವರು ಮಗನ ಮಣೆಯನ್ನು ಅಂಗಳಕ್ಕೆ ತಂದು, ಕೊಡಲಿಯಿಂದ ಸೀಳಿ, ಆ ಸೌದೆಯನ್ನು ಒಲೆಗೆ ಇಟ್ಟರಂತೆ. "ನನ್ನ ಮಗ ಸತ್ತ. ಸತ್ತೇ ಇರಲಿ," ಎಂದರಂತೆ. ಊರಲ್ಲಿ ಎಲ್ಲರೂ ಚೌಡಪ್ಪನವರಿಗೆ ತಲೆ ಕೆಟ್ಟಿದೆ ಎಂದರು.

ಅಲ್ಲಿಂದ ಬೋರಯ್ಯ ಸೀದಾ ನಮ್ಮ ಮನೆಗೆ ಬಂದರು. ಅಣ್ಣ ಜಗಲಿಯಲ್ಲಿ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದ. ನಾನು ಅವ್ವನಿಗೆ ತಲೆ ಬಾಚುತ್ತಿದ್ದೆ.

"ಕೂತವನು ಎದ್ದರೆ ಮಣೆ ಖಾಲಿ," ಎಂದರು ಬೋರಯ್ಯ. ಯಾರ ಮುಖವನ್ನೂ ನೋಡದೆ ಹೇಳಿದರು. "ಕೋಚ್ ಆಗೋಕೆ ಊರಿನವನೇ ಆಗಿರಬೇಕು ಅಂತೇನಿಲ್ಲ. ಕೆಲಸ ಇದ್ದೇ ಇರುತ್ತೆ. ಆಡೋಕೆ ಮಾತ್ರ ಊರಿನವನಾಗಿರಬೇಕು."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಚಣಿಗೆ ಕೈಯಲ್ಲೇ ನಿಂತಿತು. "ಬೋರಯ್ಯಾ, ಏನ್ ಮಾತು ಅಂತ ಆಡ್ತೀರಿ? ಇವನು ನಮ್ಮಣ್ಣ. ಬದುಕಿದ್ದಾನೆ. ಬದುಕಿರೋವನ ಜಾಗ ಖಾಲಿ ಮಾಡಿಸ್ತೀರಾ?"

"ಮನೆಯ ಹಿರಿಯಳು ಹೇಳಲಿ," ಎಂದರು ಅವರು.

ಅಣ್ಣ ಅವ್ವನ ಕಡೆ ನೋಡಿದ. ಹೆದರಿ ನೋಡಿದ್ದಲ್ಲ. ಇಷ್ಟು ವರ್ಷವಾದ ಮೇಲೆ ಇದಕ್ಕೆ ಉತ್ತರ ಏನೆಂದು ಅವನಿಗೆ ಖಚಿತವಿತ್ತು. ಅಂಗಾಲು ತಿಕ್ಕಿಸಿಕೊಂಡವಳು, ಹೆತ್ತ ತಾಯಿಗೆ ತಲೆ ಬೋಳಿಸಲು ಬಿಡದವಳು, ತನ್ನನ್ನು ಬಿಟ್ಟುಕೊಡುತ್ತಾಳೆಯೇ? ಮುಖದಲ್ಲಿ ಸಣ್ಣ ನಗು ಕೂಡ ಇತ್ತು.

ಅವ್ವ ನನ್ನ ಕೈಯಿಂದ ಜಡೆ ಬಿಡಿಸಿಕೊಂಡಳು. ಆಮೇಲೆ, "ಆ ಹುಡುಗ ಚೆನ್ನಾಗಿ ಆಡ್ತಾನೇನು?" ಎಂದಳು.

ಬೋರಯ್ಯ ಅಣ್ಣನನ್ನೇ ನೋಡಿದರು. ಅಣ್ಣ ಉಪ್ಪಿನ ಗಂಟನ್ನು ಕೆಳಗಿಟ್ಟ. "ಚೆನ್ನಾಗಿ ಆಡ್ತಾನೆ ಅವ್ವಾ," ಎಂದ. "ನನಗಿಂತ ಚೆನ್ನಾಗಿ ಆಡ್ತಾನೆ."

"ಹಾಗಾದ್ರೆ ಕೂರಲಿ. ಭರಮನ ಹೆಸರು ಇನ್ನೊಂದ್ಸಲ ಕೇಳಬೇಕು ನನಗೆ. ಅಷ್ಟೇ. ಹೆಸರು ಕೇಳಬೇಕು," ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ಅತ್ತೆ, ಬೈದೆ, ಇನ್ನು ಈ ಮನೆಯ ಹೊಸಲು ತುಳಿಯುವುದಿಲ್ಲ ಎಂದೆ. ಅಣ್ಣನೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿದ. "ರತ್ನಿ, ಅವಳಿಗೆ ನಾನು ಮಾಡಿದ್ದೇನು? ಗೋಲು ಹೊಡೆದೆ. ಈಗ ಹೊಡೆಯೋಕಾಗಲ್ಲ," ಎಂದ. ಲೆಕ್ಕ ಸರಿಯಾಗಿದೆ ಎನ್ನುವವನ ಹಾಗೆ ಹೇಳಿದ.

ಎದ್ದುಹೋಗುವ ದಿನ ಅವ್ವ ಇಬ್ಬರಿಗೂ ಅಡುಗೆ ಮಾಡಿದಳು. ಅಣ್ಣ ಮಣೆಯ ಮೇಲೆ ಕೂತು ಉಂಡ. ಉಂಡು, ಎಂಜಲು ಕೈಯಲ್ಲೇ ಹೊಸಲು ದಾಟಿ ಹೋಗಿ ಬೀದಿಯ ನಲ್ಲಿಯಲ್ಲಿ ಕೈ ತೊಳೆದ. ಮನೆಯೊಳಗೆ ಕೈ ತೊಳೆದರೆ ಎದ್ದ ಹಾಗೆ ಅಲ್ಲ. ಕ್ವಾಸಿಗೆ ಅದುವರೆಗೆ ತಾನು ಯಾರ ಜಾಗಕ್ಕೆ ಬರುತ್ತಿದ್ದೇನೆಂದು ಯಾರೂ ಹೇಳಿರಲಿಲ್ಲ. ತನ್ನ ಕೋಚು ಎದ್ದುಹೋದ ಮಣೆಯನ್ನು ಅವ್ವ ಒರೆಸಿ ತನಗೇ ತೋರಿಸಿದಾಗ ಅವನು ಗೋಡೆಗೆ ಒತ್ತಿಕೊಂಡು ನಿಂತು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಆಗ ಅಣ್ಣ ಬೀದಿಯಿಂದಲೇ ಅವರ ಮಾತಿನಲ್ಲಿ ಏನೋ ಹೇಳಿದ, ಮೈದಾನದಲ್ಲಿ ಗದರಿಸುವ ದನಿಯಲ್ಲಿ. ಕ್ವಾಸಿ ಕೂತ. ಅವ್ವ ಬಗ್ಗಿ ಬಡಿಸಿದಳು.

ಮಾರನೆಯ ದಿನದಿಂದ ಊರು ಬದಲಾಯಿತು. ಯಾರೂ ಅವನನ್ನು ಹೀನಾಯ ಮಾಡಲಿಲ್ಲ. ಹಾಗೆ ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಎಲ್ಲರೂ ಮರ್ಯಾದೆ ಕೊಡತೊಡಗಿದರು. "ಏ ಭರಮಾ, ಬಾರೋ," ಎನ್ನುತ್ತಿದ್ದವರು, "ಬನ್ನಿ ಕೋಚ್, ಕೂತ್ಕೊಳ್ಳಿ," ಎನ್ನತೊಡಗಿದರು. ಚಹಾದಂಗಡಿಯಲ್ಲಿ ಅವನಿಗೆ ಬೆಂಚು ಬಿಟ್ಟುಕೊಟ್ಟು ಎದ್ದು ನಿಂತರು. ಜಗಳ ತೀರಿಸಲು ಯಾರೂ ಕರೆಯಲಿಲ್ಲ, ಹೊರಗಿನವರನ್ನು ಮನೆಯ ಜಗಳಕ್ಕೆ ಕರೆಯುತ್ತಾರೆಯೇ? ಗಣಿಯ ಅಂಚಿನಲ್ಲಿ ಹಿಂದೆ ಸುತ್ತಿಗೆ, ಹಾರೆ ಇಡುತ್ತಿದ್ದ ಒಂದು ತಗಡಿನ ಕೋಣೆಯಿತ್ತು. ಅಲ್ಲಿ ಇದ್ದ. ಒಮ್ಮೆ ನಾನೂ ಅವ್ವನೂ ನಲ್ಲಿಯ ಹತ್ತಿರ ನಿಂತಿದ್ದಾಗ ಅವನು ಕೊಡ ಹಿಡಿದುಕೊಂಡು ಬಂದ. ಅವ್ವ ಸೆರಗು ಸರಿಮಾಡಿಕೊಂಡು, "ಚೆನ್ನಾಗಿದ್ದೀರಾ?" ಎಂದಳು. ಅವನು, "ಚೆನ್ನಾಗಿದ್ದೀನಿ ತಾಯಿ," ಎಂದ. ಅವಳ ಕೊಡವನ್ನು ತುಂಬಿಸಿ ಎತ್ತಿ ಅವಳ ಸೊಂಟಕ್ಕಿಟ್ಟ. ನಾನು ಅವನನ್ನು ಏನೆಂದು ಕರೆಯಬೇಕೋ ತಿಳಿಯದೆ ನೆಲ ನೋಡುತ್ತಾ ನಿಂತಿದ್ದೆ. ಅಣ್ಣ ಎನ್ನುವಂತಿರಲಿಲ್ಲ, ಈಗ ನನ್ನ ಅಣ್ಣನಾದವನು ಮನೆಯಲ್ಲಿ ಮಲಗಿದ್ದ. ಕೊಬಿನ ಎಂದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಆ ಹೆಸರು ಅವನಿಗೇ ಮರೆತಂತಾಗಿತ್ತು.

ಟೂರ್ನಮೆಂಟು ಬಂತು. ಕ್ವಾಸಿ, ಅಂದರೆ ಹೊಸ ಭರಮ, ಹುಚ್ಚನ ಹಾಗೆ ಓಡಿ ಆಡಿದ. ಅವನಿಗೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತಿತ್ತು. ಅದನ್ನು ಅವರ ಮಾತಿನಲ್ಲಿ ಹೇಳಿಕೊಡಲು ಸಾಧ್ಯವಿತ್ತೆಂದು ಕಾಣುತ್ತದೆ. ಮೆಟ್ಟಿಲುಗಳು ಮತ್ತೆ ತುಂಬಿದವು. "ಭರಮಾ! ಭರಮಾ!" ಎಂದು ಊರು ಕೂಗಿತು. ಅವ್ವ ಹೊಸ ಸೀರೆಯುಟ್ಟು ಮುಂದಿನ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಅವಳು ಕೇಳುತ್ತಿದ್ದಳು. ನಾನು ಗೆರೆಯ ಹತ್ತಿರ ನಿಂತಿದ್ದವನನ್ನೇ ನೋಡುತ್ತಿದ್ದೆ. ಆ ಹೆಸರು ಕೂಗಿದಾಗಲೆಲ್ಲ ಅವನ ತಲೆ ಒಂದಿಷ್ಟು ಮೆಟ್ಟಿಲುಗಳ ಕಡೆ ತಿರುಗುತ್ತಿತ್ತು. ತಕ್ಷಣ ನೆನಪಾಗಿ ಮತ್ತೆ ಮೈದಾನದ ಕಡೆ ತಿರುಗುತ್ತಿತ್ತು. ಆಟ ಮುಗಿಯುವವರೆಗೂ ಹಾಗೆಯೇ. ಗೆದ್ದ ಮೇಲೆ ಕ್ವಾಸಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಬೋರಯ್ಯ ಕೋಚಿಗೆ ಹಾರ ಹಾಕಿ ಕೈಮುಗಿದರು. ಊರಿಗೆ ಬಂದ ಅತಿಥಿಗೆ ಮುಗಿಯುವ ಹಾಗೆ ಮುಗಿದರು.

ಅವ್ವನಿಗೆ ಬೇಕಾದ್ದು ಸಿಕ್ಕಿತು ಎಂದುಕೊಂಡೆ. ಸಿಕ್ಕ ಮೇಲೆ ಅವಳು ಬದುಕಲಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ ಹಾಸಿಗೆ ಹಿಡಿದಳು. ಈ ಸಲದ ಎದೆನೋವು ಅಂಗಾಲು ತಿಕ್ಕಿದರೆ ಹೋಗುವಂಥದ್ದಾಗಿರಲಿಲ್ಲ. ಕಣ್ಣು ಮಂಜಾಯಿತು. ಕ್ವಾಸಿ ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಅವಳನ್ನು ಎತ್ತಿ ಕೂರಿಸುವುದು, ಗಂಜಿ ಕುಡಿಸುವುದು ಎಲ್ಲ ಮಾಡುತ್ತಿದ್ದ. ನಮ್ಮ ಮಾತು ಅವನಿಗಿನ್ನೂ ನಾಲ್ಕೇ ನಾಲ್ಕು ಬರುತ್ತಿತ್ತು. "ಅವ್ವಾ, ಊಟ. ಅವ್ವಾ, ನೀರು," ಎನ್ನುತ್ತಿದ್ದ.

ಕೊನೆಯ ದಿನ ಮಧ್ಯಾಹ್ನ ಅವ್ವ, "ಭರಮನ್ನ ಕರೀರಿ," ಎಂದಳು. ಕ್ವಾಸಿ ಪಕ್ಕದಲ್ಲೇ ಇದ್ದ. ಅವಳ ಕೈ ಹಿಡಿದ. ಅವಳು ಅವನ ಕೈ, ತೋಳು, ಮುಖ ಎಲ್ಲ ಸವರಿ ನೋಡಿದಳು. "ನೀನಲ್ಲ," ಎಂದಳು. "ಭರಮನ್ನ ಕರೀರಿ."

ದೇವರು ನನ್ನನ್ನು ಕ್ಷಮಿಸಲಿ, ನನಗೆ ಸಂತೋಷವಾಯಿತು. ಕೊನೆಗಾದರೂ ನೆನೆದಳಲ್ಲ ಎಂದುಕೊಂಡು ಕಾಲಿಗೆ ಚಪ್ಪಲಿಯಿಲ್ಲದೆ ಗಣಿಯ ಅಂಚಿಗೆ ಓಡಿದೆ. ಅವನು ತಗಡಿನ ಕೋಣೆಯ ಮುಂದೆ ಕೂತು ಹುಡುಗರ ಬೂಟುಗಳಿಗೆ ಎಣ್ಣೆ ಹಚ್ಚುತ್ತಿದ್ದ. "ಅಣ್ಣಾ, ಬಾ. ಅವ್ವ ನಿನ್ನನ್ನೇ ಕೇಳ್ತಿದ್ದಾಳೆ," ಎಂದೆ. ಅಣ್ಣಾ ಎಂದಿದ್ದು ಅವನಿಗೆ ಕೇಳಿಸಿತು. ಬೂಟು ಕೆಳಗಿಟ್ಟು ಎದ್ದ.

ಮಣೆಯಿಂದ ಎದ್ದವನು ಮತ್ತೆ ಆ ಮನೆಯ ಹೊಸಲು ದಾಟುವಂತಿಲ್ಲ. ಬಾಗಿಲಲ್ಲಿ ನೆರೆಯವರು ನಿಂತಿದ್ದರು. ಅವನು ಯಾರನ್ನೂ ಕೇಳದೆ, ಕಾಲು ಎಳೆಯುತ್ತಾ, ತಲೆ ಬಗ್ಗಿಸಿ ಒಳಗೆ ಹೋದ. ಯಾರೂ ತಡೆಯಲಿಲ್ಲ. ಅವ್ವನ ಹಾಸಿಗೆಯ ಪಕ್ಕ ಆ ಕೆಟ್ಟ ಮೊಣಕಾಲನ್ನು ಮಡಚಲಾರದೆ ಮಡಚಿ ಕೂತ. "ಅವ್ವಾ, ಬಂದೆ," ಎಂದ.

ಅವ್ವ ಕೈಯೆತ್ತಿ ಅವನ ಕೆನ್ನೆ ಸವರಿದಳು. ಕಿವಿ ಸವರಿದಳು. ತಲೆಗೂದಲಿನೊಳಗೆ ಬೆರಳಾಡಿಸಿದಳು. ಎಷ್ಟೋ ಹೊತ್ತು ಹುಡುಕಿದಳು. ಆಮೇಲೆ ಕೈ ಕೆಳಗೆ ಬಿತ್ತು.

"ನೀನೂ ಅಲ್ಲ," ಎಂದಳು.

ಆಮೇಲೆ ಅವಳು ಮಾತಾಡಲಿಲ್ಲ. ಅವನು ಆ ಕೈಯನ್ನು ಬಿಡದೆ ಹಿಡಿದುಕೊಂಡು ಕೂತೇ ಇದ್ದ. ಗಣಿಯ ಕಡೆ ಸಂಜೆಯ ಸೈರನ್ ಆಗುವ ಮೊದಲು ಅವಳ ಉಸಿರು ನಿಂತಿತು. ಕ್ವಾಸಿ ಕಾಲ ದೆಸೆಯಲ್ಲಿ ನಿಂತಿದ್ದವನು ಅವರ ಮಾತಿನಲ್ಲಿ ಏನೋ ಕೇಳಿದ. ಅಣ್ಣ ಉತ್ತರ ಹೇಳಿದ. ಕ್ವಾಸಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತ, ಹೆತ್ತವಳು ಹೋದರೆ ಅಳುವ ಹಾಗೆ.

ನೆರೆಯವರು ಒಳಗೆ ತುಂಬಿದರು. ಮಗನಾದವನು ಏನೇನು ಮಾಡಬೇಕೆಂದು ಕ್ವಾಸಿಗೆ ಕೈಸನ್ನೆಯಲ್ಲಿ ಹೇಳಿಕೊಡತೊಡಗಿದರು. ಅಣ್ಣ ಎದ್ದು ಹೊರಗೆ ಬಂದ. ನಾನು ಅವನ ಹಿಂದೆ ಹೋದೆ. ಬೀದಿಯ ಕೊನೆಯಲ್ಲಿ ಬಂದರಿಗೆ ಹೋಗುವ ಕಲ್ಲಿನ ಲಾರಿಗಳು ಸಾಲಾಗಿ ನಿಂತಿದ್ದವು. ಅವನು ಅತ್ತಲೇ ನಡೆಯುತ್ತಿದ್ದ. ತಗಡಿನ ಕೋಣೆಗೆ ಹೋಗಿ ಬಟ್ಟೆಬರೆ ತೆಗೆದುಕೊಳ್ಳಬೇಕೆಂದೂ ಅವನಿಗೆ ಅನ್ನಿಸಿದಂತಿರಲಿಲ್ಲ.

"ಕ್ವಾಸಿ ಏನು ಕೇಳಿದ?" ಎಂದೆ.

"ಅವ್ವ ಏನು ಹೇಳಿದಳು ಅಂತ ಕೇಳಿದ. ಅವನಿಗೆ ಮಾತು ತಿಳಿಯಲ್ಲವಲ್ಲ."

"ನೀನೇನು ಹೇಳಿದೆ?"

"ಮೊದಲು ನಿನ್ನ ಗುರುತು ಸಿಕ್ಕಿರಲಿಲ್ಲ, ಆಮೇಲೆ ಸಿಕ್ಕಿತಂತೆ, ನನ್ನ ಮಗ ಚೆನ್ನಾಗಿ ಆಡ್ತಾನೆ ಅಂದಳು, ಅಂತ ಹೇಳಿದೆ."

ನನಗೆ ಅವನಿಗೊಂದು ಒಳ್ಳೆಯ ಮಾತು ಹೇಳಬೇಕೆನಿಸಿತು. ಸಾಯುವವರ ಮಾತು, ಅವಳಿಗೆ ಪ್ರಜ್ಞೆ ಇರಲಿಲ್ಲ, ನೀನೆಂದರೆ ಅವಳಿಗೆ ಪ್ರಾಣವೇ ಆಗಿತ್ತು, ಎಂದೇನೇನೋ ಶುರುಮಾಡಿದೆ.

ಅವನು ನಿಂತ. ಮೈಮೇಲೆಲ್ಲ ಕಲ್ಲುಪುಡಿ ಕೂತು ಬೆಳ್ಳಗಾಗಿದ್ದ. ಕೈಯೆತ್ತಿ ನನ್ನನ್ನು ತಡೆದ. ಸಿಟ್ಟಿನಿಂದಲ್ಲ.

"ಬೇಡ ರತ್ನಿ," ಎಂದ. "ನನಗೆ ನಿಮ್ಮ ಮಾತು ತಿಳಿಯುತ್ತಲ್ಲ."

ಲಾರಿಯ ಡ್ರೈವರ್ ಬಾಗಿಲು ತೆಗೆದು ಕೈ ಚಾಚಿದ. ಅವನು ಒಳ್ಳೆಯ ಕಾಲನ್ನು ಮೊದಲು ಇಟ್ಟು, ಕೆಟ್ಟದ್ದನ್ನು ಕೈಯಿಂದ ಎತ್ತಿಕೊಂಡು ಹತ್ತಿದ.